ಸೊಂಟನೋವಿಗೆ ಸ್ಕ್ಯಾನ್ ಬರೆಯದ ವೈದ್ಯರು: ಒಂದು ಕ್ಲಿನಿಕ್ಕಿನ ವಿಮರ್ಶೆ

ಈ ಕ್ಲಿನಿಕ್ಕಿನಲ್ಲಿ ಇರುವುದು ಒಬ್ಬ ವೈದ್ಯರು, ಒಬ್ಬ ನರ್ಸ್, ಹೊರಗೆ ಹೆಸರು ಬರೆದುಕೊಳ್ಳುವ ಒಬ್ಬ ಸಹಾಯಕ, ಇಷ್ಟೇ. ದೊಡ್ಡ ಯಂತ್ರಗಳಿಲ್ಲ, ಗೋಡೆಯ ಮೇಲೆ ಪ್ರಶಸ್ತಿಪತ್ರಗಳೂ ಇಲ್ಲ. ಆದರೂ ಇಲ್ಲಿಯ ಸೇವೆಯ ಬಗ್ಗೆ ಬರೆಯಬೇಕೆನಿಸಿದ್ದು, ವೈದ್ಯರು ಬರೆದುಕೊಟ್ಟ ಚೀಟಿಗಿಂತ ಅವರು ಬರೆಯದೆ ಬಿಟ್ಟದ್ದು ಮತ್ತು ಹಾಗೆ ಬಿಟ್ಟದ್ದಕ್ಕೆ ಕೊಟ್ಟ ಕಾರಣ ನನ್ನಲ್ಲಿ ಹೆಚ್ಚು ವಿಶ್ವಾಸ ಹುಟ್ಟಿಸಿದ್ದರಿಂದ.

ನಾನು ಹೋದದ್ದು ಸೊಂಟನೋವಿಗೆ. ಎಂಆರ್‌ಐ ಬೇಕಾಗಬಹುದೆಂದು ನಾನೇ ಊಹಿಸಿಕೊಂಡಿದ್ದೆ. ಬರೆದುಕೊಟ್ಟಿದ್ದರೆ ಮರುಮಾತಾಡದೆ ಮಾಡಿಸಿಯೂ ಬಿಡುತ್ತಿದ್ದೆ. ವೈದ್ಯರು ಮೊದಲು ಮಲಗಿಸಿ, ಮೊಣಕಾಲು ಮಡಿಸದಂತೆ ಒಂದೊಂದೇ ಕಾಲನ್ನು ಮೇಲೆತ್ತಿ, ನೋವು ಎಲ್ಲಿಯವರೆಗೆ ಹರಿಯುತ್ತದೆಂದು ಕೇಳಿದರು. ಪುಟ್ಟ ಸುತ್ತಿಗೆಯಿಂದ ಮೊಣಕಾಲಿನ ಕೆಳಗೂ ಹಿಮ್ಮಡಿಯ ಹಿಂದೆಯೂ ತಟ್ಟಿ ನೋಡಿದರು. ತುದಿಗಾಲಲ್ಲಿ ನಾಲ್ಕು ಹೆಜ್ಜೆ, ಹಿಮ್ಮಡಿಯೂರಿ ನಾಲ್ಕು ಹೆಜ್ಜೆ ನಡೆಸಿದರು. ಜ್ವರ ಬರುತ್ತಿದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಬಿದ್ದು ಪೆಟ್ಟಾಗಿತ್ತೇ, ಹಿಂದೆ ಕ್ಯಾನ್ಸರ್ ಆಗಿತ್ತೇ, ಮೂತ್ರದ ಮೇಲೆ ಹಿಡಿತ ತಪ್ಪಿದೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಎಲ್ಲಕ್ಕೂ ಇಲ್ಲವೆಂದ ಮೇಲೆ, ಇಂಥ ನೋವು ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ, ಈಗ ಸ್ಕ್ಯಾನ್ ಮಾಡಿಸಿದರೂ ಚಿಕಿತ್ಸೆ ಬದಲಾಗುವುದಿಲ್ಲ, ನೋವೇ ಇಲ್ಲದವರ ಬೆನ್ನಿನಲ್ಲೂ ಡಿಸ್ಕ್ ಉಬ್ಬಿರುವುದು ಸ್ಕ್ಯಾನಿನಲ್ಲಿ ಕಾಣುವುದುಂಟು, ಅದನ್ನು ಓದಿ ನೀವು ಗಾಬರಿಯಾಗುತ್ತೀರಿ, ಅಷ್ಟೇ ಎಂದರು.

ಇದು ಅವರೊಬ್ಬರ ಅಭಿಪ್ರಾಯವಲ್ಲ. ಅನಗತ್ಯ ಪರೀಕ್ಷೆಗಳನ್ನು ತಗ್ಗಿಸಲು 2012ರಲ್ಲಿ ಅಮೆರಿಕದಲ್ಲಿ ಆರಂಭವಾದ ಅಭಿಯಾನದಲ್ಲಿ ಅಲ್ಲಿನ ಕುಟುಂಬ ವೈದ್ಯರ ಅಕಾಡೆಮಿ ಕೊಟ್ಟ ಸಲಹೆಯೂ ಇದೇ: ಅಪಾಯದ ಲಕ್ಷಣಗಳಿಲ್ಲದಿದ್ದರೆ ಸೊಂಟನೋವಿಗೆ ಮೊದಲ 6 ವಾರ ಸ್ಕ್ಯಾನ್ ಬೇಡ. ಸ್ಕ್ಯಾನ್ ಬರೆಯುವುದಕ್ಕೆ ಒಂದು ಗೆರೆ ಸಾಕು, ಬೇಡವೆಂದು ಒಪ್ಪಿಸುವುದಕ್ಕೆ ಕಾಲುಗಂಟೆ ಬೇಕು. ಹೊರಗೆ ಜನ ಕಾಯುತ್ತಿರುವಾಗ ಆ ಕಾಲುಗಂಟೆ ಕೊಡುವ ವೈದ್ಯರನ್ನೇ ನಾನು ಸೇವಾಭಾವದವರು ಎನ್ನುತ್ತೇನೆ. ಶುಲ್ಕ ಕಡಿಮೆಯೋ ಹೆಚ್ಚೋ ಎಂಬುದು ಬೇರೆ ಮಾತು.

ಚೀಟಿಯಲ್ಲಿ ಇದ್ದದ್ದು ಒಂದೇ ನೋವಿನ ಮಾತ್ರೆ, ಅದೂ ಬ್ರ್ಯಾಂಡಿನ ಹೆಸರಿನಲ್ಲಲ್ಲ, ಮೂಲ ಔಷಧದ ಹೆಸರಿನಲ್ಲಿ, ಯಾರಾದರೂ ಓದಬಹುದಾದ ಅಕ್ಷರದಲ್ಲಿ. ಬರೆಯುವ ಮುನ್ನ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಇದೆಯೇ ಎಂದು ಕೇಳಿದ್ದರು. ಹಾಸಿಗೆ ಹಿಡಿದು ಮಲಗಬೇಡಿ, ಆದಷ್ಟು ಓಡಾಡಿಕೊಂಡಿರಿ ಎಂದರು. ಕಾಲು ಸೋತರೆ, ಮೂತ್ರ ಕಟ್ಟಿದರೆ ಅಥವಾ ತೊಡೆಸಂದಿ ಮರಗಟ್ಟಿದರೆ ಒಂದು ದಿನವೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕೆಂದು ಚೀಟಿಯ ಹಿಂಬದಿಯಲ್ಲಿ ಬರೆದೂ ಕೊಟ್ಟರು.

ಮೇಜಿನ ಮೇಲೆ ಔಷಧ ಕಂಪನಿಗಳ ಪೆನ್ನು, ಕ್ಯಾಲೆಂಡರ್, ಗಡಿಯಾರ ಯಾವುದೂ ಕಾಣಲಿಲ್ಲ. ಇದು ಕ್ಷುಲ್ಲಕವೆನಿಸಬಹುದು. ಆದರೆ ಕಂಪನಿಯ ವೆಚ್ಚದಲ್ಲಿ ಒಂದೇ ಒಂದು ಊಟ ಮಾಡಿದ ವೈದ್ಯರೂ ಆ ಕಂಪನಿಯ ಬ್ರ್ಯಾಂಡನ್ನು ಉಳಿದವರಿಗಿಂತ ಹೆಚ್ಚಾಗಿ ಬರೆಯುತ್ತಿದ್ದರೆಂದು 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಊಟವೇ ಕಾರಣವೆಂದು ಅದರಿಂದ ಸಾಬೀತಾಗುವುದಿಲ್ಲ, ನಿಜ. ಆದರೂ ಪೆನ್ನಿಲ್ಲದ ಮೇಜನ್ನೇ ನಾನು ಆರಿಸಿಕೊಳ್ಳುತ್ತೇನೆ. ನನ್ನ ಜೊತೆ ಬಂದಿದ್ದ ಬಂಧುವಿಗೆ ರಕ್ತಪರೀಕ್ಷೆ ಬರೆದಾಗಲೂ, ಯಾವ ಲ್ಯಾಬಿಗೆ ಹೋಗಲಿ ಎಂದು ಕೇಳಿದ್ದಕ್ಕೆ, ನಿಮಗೆ ಅನುಕೂಲವಾದ ಕಡೆ ಮಾಡಿಸಿ ಎಂದಷ್ಟೇ ಉತ್ತರ ಬಂತು. ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು 1949ರಲ್ಲಿ ಮೊದಲು ಅಂಗೀಕಾರವಾದ ವಿಶ್ವ ವೈದ್ಯಕೀಯ ಸಂಘದ ನೀತಿಸಂಹಿತೆ ಒಪ್ಪುವುದಿಲ್ಲವೆಂಬುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಪಾಲಿಸುವವರು ಸಿಕ್ಕಾಗ ಹೇಳಬೇಕು.

ಕೊರತೆಗಳು ಇಲ್ಲದಿಲ್ಲ. ಹೊರಗಿನ ಸಹಾಯಕ ಪರಿಚಯದವರನ್ನು ಸರತಿ ಮುರಿದು ಒಳಗೆ ಬಿಡುವುದನ್ನು ಕಣ್ಣಾರೆ ಕಂಡಿದ್ದೇನೆ. ಉಸಿರಾಡಲು ಕಷ್ಟಪಡುತ್ತಿರುವವರನ್ನು ಮೊದಲು ಬಿಟ್ಟರೆ ಯಾರೂ ಬೇಸರಿಸುವುದಿಲ್ಲ. ನಗುತ್ತ ಬಂದು ನಗುತ್ತ ಹೋಗುವವರನ್ನು ಬಿಟ್ಟರೆ ಕಾದವರಿಗೆ ಸಿಟ್ಟು ಬಂದೇ ಬರುತ್ತದೆ. ಒಳಗಿನ ನಿಷ್ಪಕ್ಷಪಾತ ಬಾಗಿಲಿಗೂ ಬರಬೇಕಾದರೆ ವೈದ್ಯರೇ ಗಮನಿಸಬೇಕು, ಏಕೆಂದರೆ ಬಾಗಿಲೂ ಅವರದ್ದೇ. ಇನ್ನೊಂದು ಭೇಟಿಯಲ್ಲಿ ಅವರ ಮುಖದಲ್ಲಿ ದಣಿವು ಎದ್ದು ಕಾಣುತ್ತಿತ್ತು, ಉತ್ತರಗಳೂ ಚುಟುಕಾಗಿದ್ದವು. ವೈದ್ಯರು ತಮ್ಮ ಆರೋಗ್ಯವನ್ನೂ ನೋಡಿಕೊಳ್ಳಬೇಕೆಂಬ ಮಾತು ಅದೇ ಸಂಘದ ವೈದ್ಯರ ಪ್ರತಿಜ್ಞೆಯಾದ ಜಿನೀವಾ ಘೋಷಣೆಗೆ ಸೇರಿದ್ದು 2017ರ ಪರಿಷ್ಕರಣೆಯಲ್ಲಿ, ಅಂದರೆ 1948ರಲ್ಲಿ ಘೋಷಣೆ ಹುಟ್ಟಿ ಸುಮಾರು 70 ವರ್ಷಗಳ ಮೇಲೆ. ದಿನಕ್ಕೆ ಇಷ್ಟೇ ರೋಗಿಗಳೆಂದು ಮಿತಿ ಹಾಕಿಕೊಂಡರೆ ಅವರಿಗೂ ಒಳ್ಳೆಯದು, ರೋಗಿಗಳಿಗೂ.

ಹೋದ ಕೂಡಲೇ ಇಂಜೆಕ್ಷನ್, ಕೈತುಂಬ ಮಾತ್ರೆ, ಸಾಲು ಪರೀಕ್ಷೆಗಳನ್ನು ನಿರೀಕ್ಷಿಸುವವರಿಗೆ ಈ ಕ್ಲಿನಿಕ್ ಹಿಡಿಸುವುದಿಲ್ಲ. ಹೋಗುವವರು ಹಳೆಯ ವರದಿಗಳನ್ನೂ ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿಯನ್ನೂ ಒಯ್ಯಿರಿ, ಅವರು ಕೇಳಿಯೇ ಕೇಳುತ್ತಾರೆ. ಕಾಯಲು ಅರ್ಧ ದಿನ ಬಿಡುವು ಮಾಡಿಕೊಂಡೇ ಹೊರಡಿ.