ಕಾಫಿ ಕಣದಲ್ಲಿ ಒಂದು 5ಜಿ ಫೋನು: ಮಳೆಗಾಲ, ಕೊಯ್ಲು ಎರಡೂ ದಾಟಿದ ಮೇಲೆ

ಚಿಕ್ಕಮಗಳೂರಿನಲ್ಲಿ ಕಾಫಿ, ಕಾಳುಮೆಣಸು ಕೊಳ್ಳುವ ವ್ಯಾಪಾರ ನನ್ನದು. ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರರಿಂದ ಮಾಲು ಎತ್ತಿ, ಕಾಫಿಯ ಹೊಟ್ಟು ಬಿಡಿಸಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಹಾಕುತ್ತೇನೆ. ಒಂದು ಗೋಡೌನು, ಒಂದು ತಕ್ಕಡಿ ಬಿಟ್ಟರೆ ಉಳಿದ ವ್ಯವಹಾರವೆಲ್ಲ ಫೋನಿನಲ್ಲೇ. ಹಾಗಾಗಿ ಈ ವಿಮರ್ಶೆಯಲ್ಲಿ ಗೇಮ್, ರೀಲ್ಸ್, ಸೆಲ್ಫಿ ಹುಡುಕಬೇಡಿ.

ಮಾಡೆಲ್ ಹೆಸರು ಬೇಕಂತಲೇ ಹಾಕಿಲ್ಲ. 20ರಿಂದ 25 ಸಾವಿರದೊಳಗೆ ಸಿಗುವ ಫೋನುಗಳಲ್ಲಿ ಬಹುಪಾಲಿನ ಗುಣ, ದೋಷ ಹೆಚ್ಚುಕಮ್ಮಿ ಇವೇ: 5000 ಎಂಎಎಚ್ ಬ್ಯಾಟರಿ, ಅಮೊಲೆಡ್ ಪರದೆ, ಪರದೆಯ ಒಳಗೇ ಬೆರಳಚ್ಚು ಸೆನ್ಸರ್, ಎರಡು ಸಿಮ್, ನೀರು-ಧೂಳು ತಡೆಯಲು ಐಪಿ64 ರೇಟಿಂಗ್. ವೇಗದ ಬಗ್ಗೆ ತಕರಾರಿಲ್ಲ. ನನ್ನ ಕೆಲಸಕ್ಕೆ ಇದರ ಅರ್ಧ ವೇಗವೂ ಸಾಕಿತ್ತು.

ಮೊದಲು ಸಿಗ್ನಲ್ ವಿಷಯ, ಮಲೆನಾಡಿನಲ್ಲಿ ಬಾಕಿಯೆಲ್ಲ ಆಮೇಲೆ. ಪೇಟೆಯಲ್ಲಿ 5ಜಿ ಚೆನ್ನಾಗಿಯೇ ಬರುತ್ತೆ. ಆಲ್ದೂರು ದಾಟಿ ತೋಟದ ರಸ್ತೆಗೆ ಇಳಿದ ಕೂಡಲೇ ಫೋನು 5ಜಿಗೂ 4ಜಿಗೂ ನಡುವೆ ಹೊಯ್ದಾಡುತ್ತಾ ಕೂರುತ್ತೆ. ಕಡ್ಡಿ ತೋರಿಸುತ್ತೆ, ಕರೆ ಹೋಗಲ್ಲ. ಈ ಹುಡುಕಾಟಕ್ಕೇ ಬ್ಯಾಟರಿ ಕರಗಿ, ಬೆಳಿಗ್ಗೆ ತುಂಬಿಸಿಕೊಂಡು ಹೊರಟರೂ ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧಕ್ಕೆ ಬಂದಿರುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ 5ಜಿ ತೆಗೆದು 4ಜಿಗೆ ನಿಲ್ಲಿಸಿದ ಮೇಲೆ ಅದೇ ಬ್ಯಾಟರಿ ರಾತ್ರಿಯವರೆಗೆ ಬರುತ್ತಿದೆ. ಇನ್ನೊಂದು, ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ. ಎಷ್ಟೋ ಬಂಗಲೆಗಳಲ್ಲಿ ಈಗ ಫೈಬರ್ ಇದೆ, ಆದರೆ ಟವರ್ ಸಿಗಲ್ಲ. ಅಂಥ ಕಡೆ ಅವರ ವೈಫೈ ಪಾಸ್‌ವರ್ಡ್ ಕೇಳಿದರೆ ಮಾಮೂಲಿ ನಂಬರಿನಿಂದಲೇ ಕರೆ ಹೋಗುತ್ತೆ. ಈ ಒಂದು ಸೌಲಭ್ಯ ಇಲ್ಲದ ಫೋನನ್ನು ನಾನಂತೂ ಇನ್ನು ಮುಟ್ಟಲ್ಲ.

ಬೆರಳಚ್ಚಿನ ಕಥೆ ಬೇರೆ. ಪರದೆಯೊಳಗಿನ ಸೆನ್ಸರ್ ಬೆಳಕು ಬಿಟ್ಟು ಬೆರಳಿನ ಗೆರೆ ನೋಡುತ್ತೆ. ದಿನವಿಡೀ ಚೀಲಕ್ಕೆ ಕೈ ಹಾಕಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಹಿಡಿ ಹಿಡಿದು ನೋಡುವವನ ಹೆಬ್ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತೆ? ಅದರ ಮೇಲೆ ಕಾಫಿ ಹೊಟ್ಟಿನ ಧೂಳು. ಜುಲೈ ತಿಂಗಳಲ್ಲಾದರೆ ಒದ್ದೆ ಕೈ. ಲೋಡ್ ಮಾಡಿದ ಹಮಾಲಿಗಳು ಕೂಲಿಗೆ ಕಾದು ನಿಂತಿರುತ್ತಾರೆ, ನಾನು ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿ ಒತ್ತುತ್ತಿರುತ್ತೇನೆ. ಒಂದೇ ಬೆರಳನ್ನು ಒಮ್ಮೆ ಒಣಗಿದ್ದಾಗ, ಇನ್ನೊಮ್ಮೆ ಕೆಲಸ ಮುಗಿಸಿದ ಕೊಳೆಯಲ್ಲೇ, ಹೀಗೆ ಎರಡು ಸಲ ಬೇರೆ ಬೇರೆಯಾಗಿ ಸೇರಿಸಿದ ಮೇಲೆ ಪರವಾಗಿಲ್ಲ. ಆದರೂ ಪಕ್ಕದ ಬಟನ್ನಿನಲ್ಲೇ ಸೆನ್ಸರ್ ಇದ್ದ ನನ್ನ ಹಳೇ ಫೋನು ಈ ವಿಷಯದಲ್ಲಿ ಇದಕ್ಕಿಂತ ಎಷ್ಟೋ ವಾಸಿ.

ಐಪಿ64 ಅಂದರೆ ಧೂಳು ಒಳಗೆ ಹೋಗಲ್ಲ, ಎರಚಿದ ನೀರನ್ನು ತಡೆಯುತ್ತೆ, ಅಷ್ಟೇ. ನೀರಲ್ಲಿ ಮುಳುಗಿಸಿದರೆ ತಡೆಯುತ್ತೆ ಅಂತ ಅರ್ಥವಲ್ಲ. ನಮ್ಮ ಮಳೆಗೆ ಫೋನೇನೂ ಕೆಡಲಿಲ್ಲ, ಆದರೆ ಚಾರ್ಜಿಂಗ್ ಪೋರ್ಟಿನಲ್ಲಿ ತೇವ ಇದೆ ಅಂತ ಎಚ್ಚರಿಕೆ ತೋರಿಸಿ ಚಾರ್ಜ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿಬಿಡುತ್ತೆ. ನೀರು ಬೀಳಬೇಕೂ ಇಲ್ಲ, ಆಷಾಢದ ಥಂಡಿಯಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದರೂ ಸಾಕು. ಮನೆಯಲ್ಲಿ ಅದನ್ನು ಒಲೆ ಹತ್ತಿರ ಇಡಲು ಹೇಳುತ್ತಾರೆ, ದಯವಿಟ್ಟು ಇಡಬೇಡಿ. ಪೋರ್ಟು ಕೆಳಮುಖ ಮಾಡಿ ಮೆಲ್ಲಗೆ ತಟ್ಟಿ ಫ್ಯಾನಿನ ಗಾಳಿಗೆ ಇಡಿ.

ನನ್ನ ದೊಡ್ಡ ತಲೆನೋವು ಕಾಲ್ ರೆಕಾರ್ಡಿಂಗ್. ನಮ್ಮದು ಬಾಯಿಮಾತಿನ ವ್ಯಾಪಾರ. ರೋಬಸ್ಟಾ ಚೆರ್ರಿಗೆ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಔಟರ್ನ್ ಮೇಲೆ, ಅಂದರೆ ಅದರಿಂದ ಎಷ್ಟು ಬೀಜ ಸಿಗುತ್ತೆ ಅನ್ನುವುದರ ಮೇಲೆ ದರ; ಮಧ್ಯಾಹ್ನದ ಮೇಲೆ ರೋಬಸ್ಟಾ ದರಕ್ಕೆ ಎಲ್ಲರೂ ನೋಡುವ ಲಂಡನ್ ಮಾರ್ಕೆಟ್ ತೆರೆದರೆ ಬೆಳಿಗ್ಗೆ ಆಡಿದ ಮಾತಿಗೂ ಸಂಜೆಗೂ ವ್ಯತ್ಯಾಸ. ಆಮೇಲೆ ‘ನಾನು ಹೇಳಿದ್ದು ಹಾಗಲ್ಲ’ ಅಂತ ಬರಬಾರದಲ್ಲ? ಈ ಫೋನಿನ ಡಯಲರ್‌ನಲ್ಲಿ ರೆಕಾರ್ಡ್ ಒತ್ತಿದ ಕೂಡಲೇ ಕರೆ ರೆಕಾರ್ಡ್ ಆಗುತ್ತಿದೆ ಅಂತ ಎರಡೂ ಕಡೆ ಕೇಳುವಂತೆ ಹೆಣ್ಣು ದನಿಯೊಂದು ಇಂಗ್ಲಿಷಿನಲ್ಲಿ ಸಾರುತ್ತೆ. ಹಿರಿಯ ಬೆಳೆಗಾರರೊಬ್ಬರು ಅದನ್ನು ಕೇಳಿ, “ಏನ್ ಶೆಟ್ರೇ, ನಮ್ಮ ಮಾತು ಪೊಲೀಸ್ ಸ್ಟೇಷನ್‌ಗೆ ಹೋಗುತ್ತಾ?” ಅಂದು ಫೋನ್ ಇಟ್ಟೇಬಿಟ್ಟರು. ಆ ಸಲದ ಚೆರ್ರಿ ಬೇರೆಯವರ ಪಾಲಾಯಿತು. ಹೇಳದೆ ಕೇಳದೆ ರೆಕಾರ್ಡ್ ಮಾಡುವುದು ಸರಿಯಲ್ಲ, ಒಪ್ಪಿದೆ. 2022ರ ಮೇ ತಿಂಗಳಿಂದ ಪ್ಲೇ ಸ್ಟೋರ್‌ನ ಬೇರೆ ಆಪ್‌ಗಳ ಮೂಲಕ ರೆಕಾರ್ಡ್ ಮಾಡುವ ದಾರಿಯೂ ಮುಚ್ಚಿದೆ.

ಈಗ ಮಾತು ಮುಗಿದ ಕೂಡಲೇ ವಾಟ್ಸಾಪ್‌ನಲ್ಲಿ ಒಂದು ಸಾಲು ಕಳಿಸುತ್ತೇನೆ: ಮಾಲು, ಚೀಲ, ದರ, ಯಾವತ್ತು ಎತ್ತುವುದು. ಅವರು ಹೆಬ್ಬೆರಳಿನ ಇಮೋಜಿ ಒತ್ತಿದರೆ ಮುಗಿಯಿತು. ಅದಕ್ಕೆ ಕನ್ನಡದ ವಾಯ್ಸ್ ಟೈಪಿಂಗ್ ಬಹಳ ಅನುಕೂಲ. ಅಂಕಿಗಳನ್ನು ತಪ್ಪದೆ ಬರೆಯುತ್ತೆ. ಪಾರ್ಚ್‌ಮೆಂಟ್ ಅಂದರೆ ಮಾತ್ರ ಆಗಾಗ ಅಪಾರ್ಟ್‌ಮೆಂಟ್ ಆಗುತ್ತೆ, ಕಳಿಸುವ ಮುಂಚೆ ಓದಿಕೊಳ್ಳಿ. ಕಾಂಟ್ಯಾಕ್ಟ್‌ಗಳನ್ನು ಒಂದೇ ಲಿಪಿಯಲ್ಲಿ ಸೇವ್ ಮಾಡಿ, ಕನ್ನಡದಲ್ಲಿ ಬರೆದಿಟ್ಟ ಹೆಸರು ಇಂಗ್ಲಿಷಿನಲ್ಲಿ ಹುಡುಕಿದರೆ ಈ ಫೋನಿಗೆ ಸಿಗಲ್ಲ.

ಮೆಸೇಜು ತಡವಾಗಿ ಬರುವ ಕಾಟವೂ ಇತ್ತು. ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯ ಆಪ್‌ಗಳನ್ನು ಫೋನೇ ಮುಚ್ಚಿಬಿಡುತ್ತೆ. ವಾಟ್ಸಾಪ್ ಬಿಸಿನೆಸ್ಸಿಗೂ ಬ್ಯಾಂಕಿನ ಆಪ್‌ಗೂ ಬ್ಯಾಟರಿ ನಿರ್ಬಂಧ ತೆಗೆದ ಮೇಲೆ ಸರಿಹೋಯಿತು.

ಕ್ಯಾಮೆರಾ ಬಗ್ಗೆ ಹೇಳುವುದಾದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮೆಗಾಪಿಕ್ಸೆಲ್ ಬೇಕಾದಷ್ಟಿದೆ, ಆದರೆ ಫೋಟೋಗೆ ತಾನೇ ಮೆರುಗು ಹಚ್ಚುತ್ತೆ. ಮಳೆಗೆ ಸಿಕ್ಕಿ ಮಂಕಾದ ಪಾರ್ಚ್‌ಮೆಂಟ್ ಕೂಡ ಪರದೆಯಲ್ಲಿ ಬಂಗಾರದ ಬಣ್ಣ. ಸ್ಯಾಂಪಲ್ ಫೋಟೋ ನಂಬಿ ದರ ಹೇಳಿದವರು ಚೀಲ ಬಿಚ್ಚಿದ ಮೇಲೆ ಸುಮ್ಮನಿರುತ್ತಾರಾ? ಎಐ ಆಫ್ ಮಾಡಿ, ಪ್ರೋ ಮೋಡ್‌ನಲ್ಲಿ ವೈಟ್ ಬ್ಯಾಲೆನ್ಸ್ ಕೈಯಾರೆ ಇಟ್ಟು, ಬಿಳಿ ಹಾಳೆಯ ಮೇಲೆ ಕಾಳು ಹರಡಿ ತೆಗೆದರೆ ನಿಜಕ್ಕೆ ಹತ್ತಿರ ಬರುತ್ತೆ. ಕ್ಯಾಮೆರಾ ನಿಜವಾಗಿ ದುಡಿದದ್ದು ಲಾರಿ ತೂಗುವ ವೇಬ್ರಿಡ್ಜ್‌ನ ಚೀಟಿಗೆ. ಆ ಥರ್ಮಲ್ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತೆ, ಲಾರಿ ಇಳಿಯುವ ಮೊದಲೇ ಸ್ಕ್ಯಾನ್ ಮಾಡಿ ಇಟ್ಟರೆ ಲೆಕ್ಕದ ಜಗಳವಿಲ್ಲ. ಕಣದ ಸುಡು ಬಿಸಿಲಲ್ಲೂ ಪರದೆ ಓದಲು ಬರುತ್ತೆ, ಆ ಮೆಚ್ಚುಗೆ ಕೊಡಲೇಬೇಕು.

ಕೊನೆಯದಾಗಿ ಜಿಪಿಎಸ್. ಇದನ್ನು ನೋಡಿ ಫೋನು ಕೊಳ್ಳುವ ಕಾಲ ಕಾಫಿಯವರಿಗೆ ಬಂದಿದೆ. ಯುರೋಪ್ ಒಕ್ಕೂಟದ 2023ರ ಅರಣ್ಯನಾಶ ತಡೆ ಕಾನೂನಿನಲ್ಲಿ ಕಾಫಿಯೂ ಸೇರಿದೆ. ಜಾರಿ ಮುಂದಕ್ಕೆ ಹೋಗಿದ್ದರೂ ಕಾಫಿ ಬೆಳೆದ ಜಾಗ ಯಾವುದು ಅಂತ ತೋರಿಸಲು ರಫ್ತಿನವರು ತೋಟದ ಅಕ್ಷಾಂಶ, ರೇಖಾಂಶ ಕೇಳಲು ಶುರು ಮಾಡಿದ್ದಾರೆ. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆವರೆಗೆ ಒಂದು ಬಿಂದು ಸಾಕು, ಅದಕ್ಕಿಂತ ದೊಡ್ಡದಾದರೆ ಸುತ್ತಲಿನ ಗಡಿಯೇ ಬೇಕು. ದಶಮಾಂಶದ ಆಚೆ ಕನಿಷ್ಠ 6 ಅಂಕಿ. ಆರನೆಯ ಅಂಕಿ ಅಂದರೆ ಅರ್ಧ ಗೇಣಿನ ಲೆಕ್ಕ. ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಲ್ಲಿ ಯಾವ ಫೋನೂ ಅಷ್ಟು ಕರಾರುವಾಕ್ಕಾಗಿ ಹೇಳಲ್ಲ, ಕೆಲವು ಮೀಟರ್ ಆಚೀಚೆ ಆಗಿಯೇ ಆಗುತ್ತೆ. ಈ ಫೋನಿನಲ್ಲಿರುವುದು, ಉಪಗ್ರಹ ಕಳಿಸುವ ತರಂಗಗಳಲ್ಲಿ ಎಲ್1 ಒಂದನ್ನೇ ಹಿಡಿಯುವ ಜಿಪಿಎಸ್. ಬೇಲಿ ಸುತ್ತಿ ಬಂದರೆ ಗಡಿರೇಖೆ ಪಕ್ಕದವರ ತೋಟಕ್ಕೆ ನುಗ್ಗಿರುತ್ತೆ. ಎಲ್5 ತರಂಗವನ್ನೂ ಹಿಡಿಯುವ ಮಗನ ಫೋನಿನಲ್ಲಿ ಅದೇ ತೋಟ ಎಷ್ಟೋ ಸರಿಯಾಗಿ ಬಂತು. ಈಗ ಗಡಿ ಗುರುತಿಸಲು ಅವನ ಫೋನನ್ನೇ ಒಯ್ಯುತ್ತೇನೆ. ಇದೇ ದರದಲ್ಲಿ ಎಲ್5 ಇರುವ ಫೋನು ಸಿಕ್ಕರೆ, ಕ್ಯಾಮೆರಾ ಒಂದು ಕಮ್ಮಿ ಇದ್ದರೂ ಅದನ್ನೇ ತಗೊಳ್ಳಿ.