ಸಮೀಕರಣ ಓದುವ ಪಾರ್ಸರ್: ಮೂರು ವಿಧಾನದಲ್ಲಿ ಬರೆದು ನೋಡಿದ್ದು

-2^2 (^ ಅಂದರೆ ಘಾತ) ಅಂತ ಕೊಟ್ಟರೆ ಎಕ್ಸೆಲ್ 4 ಅನ್ನುತ್ತದೆ. ಅದನ್ನೇ ಪೈಥಾನ್‌ನಲ್ಲಿ -2**2 ಎಂದು ಬರೆದರೆ -4. ದಾವಣಗೆರೆ ವಿದ್ಯಾನಗರದ ಟ್ಯೂಷನ್ ಒಂದಕ್ಕೆ, ಎಸ್ಸೆಸ್ಸೆಲ್ಸಿ ಮಕ್ಕಳು ಟೈಪ್ ಮಾಡಿದ ಸಮೀಕರಣ ಓದುವ ಪ್ರೋಗ್ರಾಂ ಮಾಡುವಾಗ ಮೊದಲು ತೀರ್ಮಾನಿಸಬೇಕಾಗಿದ್ದೇ ಇದು. ಗಣಿತದ ರೂಢಿಯಂತೆ -4 ಇರಲಿ ಅಂದುಕೊಂಡು, ಅವೇ ನಿಯಮಗಳನ್ನು ಮೂರು ವಿಧಾನದಲ್ಲಿ ಬರೆದೆ. ನಿಯಮ ಕೊಟ್ಟರೆ ಪಾರ್ಸರನ್ನು ತಾನೇ ಬರೆದುಕೊಡುವ ಯಾಕ್ (yacc) ತರಹದ ಜನರೇಟರ್ ಇಷ್ಟು ಸಣ್ಣ ಕೆಲಸಕ್ಕೆ ಬೇಡವೆಂದು ಮುಟ್ಟಲಿಲ್ಲ.

ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1961ರಲ್ಲಿ ವಿವರಿಸಿದ ಷಂಟಿಂಗ್ ಯಾರ್ಡ್ ವಿಧಾನ ಬರೆಯಲು ಸಲೀಸು: ಸಂಖ್ಯೆಗಳು ಒಂದು ಕಡೆ, ಚಿಹ್ನೆಗಳು ಸ್ಟ್ಯಾಕ್‌ಗೆ (ಕೊನೆಗೆ ಇಟ್ಟದ್ದು ಮೊದಲು ಹೊರಬರುವ ಪೇರಿಕೆ). ಗೋಳು ಶುರುವಾಗುವುದು ಮಕ್ಕಳು ತಪ್ಪು ಬರೆದಾಗ. 3 + * 5 ಕೊಟ್ಟು ನೋಡಿ. ಅದು ಸದ್ದಿಲ್ಲದೆ 3ನ್ನೂ 5ನ್ನೂ ಗುಣಿಸಿ 15 ಮಾಡಿ, ಆಮೇಲೆ ಕೂಡಲು ಇನ್ನೊಂದು ಸಂಖ್ಯೆ ಸಿಗದೆ ನಿಲ್ಲುತ್ತದೆ. ತಪ್ಪು ಎಲ್ಲಾಯಿತೆಂದು ತೋರಿಸದ ಪ್ರೋಗ್ರಾಂ ಟ್ಯೂಷನ್‌ಗೆ ಯಾಕೆ ಬೇಕು?

ಎರಡನೆಯದು, ಪ್ರತಿ ನಿಯಮಕ್ಕೊಂದು ಫಂಕ್ಷನ್ ಬರೆಯುವ ರಿಕರ್ಸಿವ್ ಡಿಸೆಂಟ್, ಈ ವಿಷಯದಲ್ಲಿ ಎಷ್ಟೋ ವಾಸಿ. ಮೊತ್ತಕ್ಕೊಂದು, ಗುಣಲಬ್ಧಕ್ಕೊಂದು, ಘಾತಕ್ಕೊಂದು ಫಂಕ್ಷನ್; + ಆದಮೇಲೆ ಸಂಖ್ಯೆ ಬರಲಿಲ್ಲ ಅಂತ ಅಲ್ಲೇ ಹೇಳುತ್ತದೆ. 'ಮೊತ್ತ ಅಂದರೆ ಮೊತ್ತ + ಗುಣಲಬ್ಧ' ಎಂಬ ನಿಯಮವನ್ನು ಮಾತ್ರ ಹಾಗೇ ಕೋಡ್ ಮಾಡಬಾರದು, ತನ್ನನ್ನೇ ಕರೆದುಕೊಂಡು ಕೂರುತ್ತದೆ; ಅಲ್ಲಿ ಲೂಪ್ ಹಾಕಬೇಕು.

ನಾನು ಉಳಿಸಿಕೊಂಡದ್ದು ವಾನ್ ಪ್ರ್ಯಾಟ್ 1973ರಲ್ಲಿ ಕೊಟ್ಟ ವಿಧಾನ. ಪ್ರತಿ ಚಿಹ್ನೆ ಅಕ್ಕಪಕ್ಕದ ಸಂಖ್ಯೆಗಳನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅನ್ನುವುದಕ್ಕೆ ಅಂಕಿಗಳ ಒಂದು ಪಟ್ಟಿ. ಚಿಹ್ನೆಯೇ ಇಲ್ಲದ ಗುಣಾಕಾರಕ್ಕೂ ಅಲ್ಲೊಂದು ಸಾಲು. 1/2ಅ ಅಂದರೇನು? ಆ ಸಾಲಿಗೆ ಭಾಗಾಕಾರದಷ್ಟೇ 20 ಕೊಟ್ಟರೆ ಅರ್ಧ ಅ. 25 ಮಾಡಿದರೆ 2ಅ ಇಡಿಯಾಗಿ ಛೇದಕ್ಕೆ ಹೋಗುತ್ತದೆ. ಮೇಷ್ಟ್ರು ಒಮ್ಮೆ ಹೀಗೆ, ಒಮ್ಮೆ ಹಾಗೆ ಅಂದಾಗ ನಾನು ಬದಲಾಯಿಸಿದ್ದು ಆ ಅಂಕಿಯನ್ನಷ್ಟೇ. ಘಾತದ ಬಲಗಡೆಯ ಅಂಕಿ ಎಡಕ್ಕಿಂತ ಒಂದು ಕಡಿಮೆ ಇಟ್ಟರೆ 2^3^2 ಬಲಗಡೆಯಿಂದ ಲೆಕ್ಕವಾಗಿ, ಸರಿಯಾಗಿ 512 ಆಗುತ್ತದೆ. (ಎಕ್ಸೆಲ್ ಇಲ್ಲೂ ತನ್ನದೇ ಹಾದಿ ಹಿಡಿದು 64 ಅನ್ನುತ್ತದೆ.)

ಯಾವ ವಿಧಾನವೂ ನೆರವಾಗದ ಜಾಗ ಟೋಕನೈಸರ್, ಅಂದರೆ ಟೈಪ್ ಮಾಡಿದ್ದನ್ನು ಸಂಖ್ಯೆ, ಚಿಹ್ನೆ, ಚರಾಕ್ಷರಗಳ ತುಂಡು (ಟೋಕನ್) ಮಾಡುವ ಭಾಗ. ಒಂದು ಅಕ್ಷರಕ್ಕೆ ಒಂದು ಚರಾಕ್ಷರ, ಅಬ ಅಂದರೆ ಅ ಗುಣಿಸು ಬ ಅಂತ ನಿಯಮ ಇಟ್ಟಿದ್ದೆ. ಹುಡುಗರು ದೂರಕ್ಕೆ 'ದೂ' ಬರೆದರು. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್‌ನಲ್ಲಿ ದ ಬೇರೆ, ಅದರ ಕೊಂಬು ಬೇರೆ. ವ್ಯಂಜನದ ನಂತರ ಬರುವ ಸ್ವರಚಿಹ್ನೆ, ಒತ್ತುಗಳನ್ನೆಲ್ಲ ಸೇರಿಸಿ ಒಂದೇ ಟೋಕನ್ ಮಾಡಬೇಕು. ಕನ್ನಡ ಅಂಕಿಗಳ ಮಟ್ಟಿಗೆ ಪೈಥಾನ್ ಉಪಕಾರಿ: ಇಂಟ್ ಫಂಕ್ಷನ್‌ಗೆ ೧೨ ಕೊಟ್ಟರೆ 12 ಬರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಮಾಡುವವರು ಹತ್ತೂ ಅಂಕಿಗಳನ್ನು ತಾವೇ ಬದಲಿಸಿಕೊಳ್ಳಬೇಕು.