"ಇಂಪೆಲ್ಲರ್ ಹೊಸದು" ಅಂದರೆ ನಂಬಬೇಡಿ: ಸೆಕೆಂಡ್ ಹ್ಯಾಂಡ್ ಔಟ್‌ಬೋರ್ಡ್ ತಗೊಳ್ಳುವವರಿಗೆ ಎಚ್ಚರಿಕೆ

ಮೇ ತಿಂಗಳು ಬಂತೆಂದರೆ ನಮ್ಮ ಕರಾವಳಿಯಲ್ಲಿ 9.9 ಎಚ್‌ಪಿ ಔಟ್‌ಬೋರ್ಡ್‌ಗೆ, ಅಂದರೆ ದೋಣಿಯ ಹಿಂದೆ ಕಟ್ಟುವ ಎಂಜಿನ್‌ಗೆ, ಎಲ್ಲಿಲ್ಲದ ಬೇಡಿಕೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳೆಲ್ಲ ದಡದಲ್ಲಿ, 10 ಎಚ್‌ಪಿವರೆಗಿನ ನಾಡದೋಣಿಗೆ ಮಾತ್ರ ಅವಕಾಶ. ಈ ಅವಸರ ನೋಡಿಕೊಂಡೇ ಹಳೇ ಎಂಜಿನ್‌ಗೆ ಪೇಂಟ್ ಹೊಡೆದು ದಾಟಿಸುವವರಿದ್ದಾರೆ. ನನಗೂ ದಾಟಿಸಿದ್ದಾರೆ. ಎಂಜಿನ್ ಬಿಚ್ಚಿ ಕಟ್ಟಿ ಗೊತ್ತಿರುವವನಿಗೇ ಹೀಗಾಯಿತು ಅಂತ ಹೇಳಿಕೊಳ್ಳಲಿಕ್ಕೆ ನಾಚಿಕೆ, ಆದರೂ ಬರೆಯುತ್ತಿದ್ದೇನೆ.

ಟೂ ಸ್ಟ್ರೋಕ್, ಎರಡು ಸಿಲಿಂಡರ್. "ಫುಲ್ ಸರ್ವಿಸ್ ಆಗಿದೆ, ಇಂಪೆಲ್ಲರ್ ಹೊಸದು, ಗೇರ್ ಆಯಿಲ್ ಹೊಸದು" ಅಂದರು. ಇಂಪೆಲ್ಲರ್ ಅಂದರೆ ಎಂಜಿನ್ ತಣ್ಣಗಿಡಲು ನೀರೆತ್ತುವ ಪಂಪಿನ ರಬ್ಬರ್ ಚಕ್ರ. ಡ್ರಮ್ಮಿನ ನೀರಿಗೆ ಇಳಿಸಿ ಹಗ್ಗ ಎಳೆದರೆ ಒಂದೇ ಎಳೆತಕ್ಕೆ ಸ್ಟಾರ್ಟ್. ಹಿಂದಿನ ತೂತಿನಿಂದ ನೀರು ಜೋರಾಗಿ ಹಾರುತ್ತಿತ್ತು. ಇನ್ನೇನು ಬೇಕು ಅನ್ನಿಸುವ ಹಾಗೆ. ಮುಂಚೆಯೇ ಓಡಿಸಿ ಬಿಸಿ ಮಾಡಿ ಇಟ್ಟಿದ್ದರು. ಬಿಸಿ ಎಂಜಿನ್ ಯಾರು ಎಳೆದರೂ ಹತ್ತುತ್ತದೆ. ಆ ಹಾರುವ ನೀರು ಪಂಪ್ ತಿರುಗುತ್ತಿದೆ ಅನ್ನುವುದಕ್ಕಷ್ಟೇ ಸಾಕ್ಷಿ, ಹೆಡ್ಡಿನ (ಸಿಲಿಂಡರಿನ ಮುಚ್ಚಳದ) ಒಳಗೆ ನೀರು ಹೋಗುತ್ತಿದೆ ಅನ್ನುವುದಕ್ಕಲ್ಲ. ಡ್ರಮ್ಮಿನಲ್ಲಿ ಲೋಡೇ ಇಲ್ಲ, ಹಾಗಾಗಿ ಅತಿಯಾಗಿ ಬಿಸಿಯಾಗುವುದೂ ಇಲ್ಲ.

ಅಳಿವೆ ಹತ್ತಿರ ಫುಲ್ ಥ್ರಾಟಲ್ ಕೊಟ್ಟದ್ದೇ ಶಬ್ದ ಬದಲಾಯಿತು, ಪವರ್ ಬಿತ್ತು, ನಿಂತಿತು. ಹಗ್ಗ ಎಳೆದರೆ ಬಿಗಿ. ನೀರು ಮಾತ್ರ ನಿಲ್ಲುವ ಕ್ಷಣದವರೆಗೂ ಚೆನ್ನಾಗಿಯೇ ಹಾರುತ್ತಿತ್ತು!

ಬಿಚ್ಚಿದಾಗ ಗೊತ್ತಾಯಿತು. ಇಂಪೆಲ್ಲರ್ ನಿಜವಾಗಿಯೂ ಹೊಸದು. ಹಳೆಯದರ ರಬ್ಬರ್ ಎಸಳು ಮುರಿದು, ತುಂಡುಗಳು ಮೇಲೆ ಹೋಗಿ, ಬಿಸಿ ನೋಡಿ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಬುಡದಲ್ಲಿ ಉಪ್ಪಿನ ಜೊತೆ ಸಿಕ್ಕಿಕೊಂಡಿದ್ದವು. ಎಸಳು ಕಡಿಮೆ ಇದ್ದರೆ ಆ ತುಂಡು ಎಲ್ಲಿ ಹೋಯಿತು ಅಂತ ಹುಡುಕಬೇಕು, ಇದು ಕೆಲಸ ಕಲಿಯುವ ಹುಡುಗನಿಗೂ ಗೊತ್ತು. ಇವರು ಹುಡುಕಲಿಲ್ಲ, ಹೊಸ ಇಂಪೆಲ್ಲರ್ ಹಾಕಿ ಮುಚ್ಚಿದರು. ನೀರು ಸಿಗದೆ ಬಿಸಿಯಾಗಿ ಮೇಲಿನ ಪಿಸ್ಟನ್ ಉಜ್ಜಿ ಗೀರುಬಿದ್ದಿದೆ. ಗೇರ್ ಆಯಿಲ್ ಹಾಲು ಹಾಕಿದ ಚಾದ ಹಾಗೆ, ಅಂದರೆ ಸೀಲ್ ಹೋಗಿ ನೀರು ಸೇರಿದೆ. ಪ್ರೊಪೆಲ್ಲರ್ ತೆಗೆದರೆ ಶಾಫ್ಟಿಗೆ ಬಲೆಯ ನೈಲಾನ್ ದಾರ ಸುತ್ತಿಕೊಂಡಿದೆ. ಸೀಲ್ ಕೊಯ್ದದ್ದು ಅದೇ.

ಹೊಟ್ಟೆ ಉರಿದದ್ದು ಆನೋಡ್ ನೋಡಿ. ಆನೋಡ್‌ಗೂ ಪೇಂಟ್ ಹೊಡೆದಿದ್ದಾರೆ! ತಾನು ಸವೆದು ಉಪ್ಪುನೀರಿನಿಂದ ಎಂಜಿನ್ನಿನ ಅಲ್ಯೂಮಿನಿಯಂ ಉಳಿಸುವ ಲೋಹದ ತುಂಡು ಅದು. ಪೇಂಟ್ ಬಿದ್ದರೆ ಇದ್ದೂ ಇಲ್ಲದ ಹಾಗೆ. ಕೆರೆದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಆಗಲೇ ಸವೆದಿದೆ. ಅಷ್ಟಾದರೆ ಬದಲಾಯಿಸಬೇಕು. ಇವರು ಬಣ್ಣ ಬಳಿದರು. ಆನೋಡ್‌ಗೆ ಬಣ್ಣ ಬಳಿಯುವವನ "ಫುಲ್ ಸರ್ವಿಸ್" ಎಂಥದ್ದು ನೀವೇ ಹೇಳಿ.

ಮಾರಿದವರಿಗೆ ಫೋನ್ ಮಾಡಿದೆ. ಮೊದಲ ಮಾತು: "ಇಂಪೆಲ್ಲರ್ ಹೊಸದು ಅಂದದ್ದು ಸುಳ್ಳಾ?" ಎಂಥ ಹೇಳುವುದು ಇದಕ್ಕೆ?

ಆಮೇಲೆ, "ನೀವು ಆಯಿಲ್ ಕಡಿಮೆ ಹಾಕಿರಬೇಕು." ಟೂ ಸ್ಟ್ರೋಕ್ ಔಟ್‌ಬೋರ್ಡ್‌ಗೆ ಪೆಟ್ರೋಲಿನಲ್ಲಿ ಬೆರೆಸುವ ಟಿಸಿ-ಡಬ್ಲ್ಯು3 ಆಯಿಲ್, ಲೀಟರ್ ಪೆಟ್ರೋಲಿಗೆ 20 ಎಂಎಲ್, 50ಕ್ಕೆ 1ರ ಲೆಕ್ಕ, ಅಳತೆ ಪಾತ್ರೆಯಲ್ಲಿ ಹಾಕಿದ್ದು. ಆಯಿಲ್ ಕಡಿಮೆ ಆದರೆ ಒಂದೇ ಮಿಶ್ರಣ ಕುಡಿಯುವ ಎರಡೂ ಸಿಲಿಂಡರ್ ಉಜ್ಜಬೇಕಲ್ಲ, ಮೇಲಿನದ್ದು ಮಾತ್ರ ಯಾಕೆ? ಅಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ, "ಸೆಕೆಂಡ್ ಹ್ಯಾಂಡ್ ಅಲ್ವಾ ಮಾರಾಯ್ರೆ, ಗ್ಯಾರಂಟಿ ಬೇಕಾದರೆ ಹೊಸದೇ ತಗೊಳ್ಳಬೇಕಿತ್ತು." ಈಗ ಫೋನ್ ಎತ್ತುವುದಿಲ್ಲ.

ತಗೊಳ್ಳುವವರು ಇಷ್ಟು ಮಾಡಿ. ಹೋದ ಕೂಡಲೇ ಕವರ್ ತೆಗೆಸಿ ಹೆಡ್ಡಿಗೆ ಕೈ ತಾಗಿಸಿ. ಬಿಸಿ ಇದ್ದರೆ ತಣ್ಣಗಾಗುವವರೆಗೆ ಕೂತುಕೊಳ್ಳಿ, ಚಾ ಕೊಟ್ಟರೆ ಕುಡಿಯಿರಿ, ಏಳಬೇಡಿ. ಎರಡೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಗೇಜ್ ಹಾಕಿ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ. ಎರಡರ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಬೇಡ. ಗೇರ್ ಕೇಸಿನ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ. ಒಳಗೆ ನೀರು ಸೇರಿದ್ದರೆ, ನಿಂತಿದ್ದ ಎಂಜಿನ್ನಿನಲ್ಲಿ ಮೊದಲು ಬರುವುದೇ ನೀರು. ಥರ್ಮೋಸ್ಟಾಟ್ ಕವರ್ ಬಿಚ್ಚಿಸಿ. "ಗ್ಯಾಸ್ಕೆಟ್ ಹಾಳಾಗ್ತದೆ" ಅನ್ನುತ್ತಾರೆ, ಗ್ಯಾಸ್ಕೆಟ್ ದುಡ್ಡು ನೀವೇ ಕೊಡಿ. ಡ್ರಮ್ ಬೇಡವೇ ಬೇಡ, ದೋಣಿಗೆ ಕಟ್ಟಿ ಹೊಳೆಯಲ್ಲಿ ಹದಿನೈದು ನಿಮಿಷ ಲೋಡಿನಲ್ಲಿ ಓಡಿಸಿ. ನಿಲ್ಲಿಸಿದ ಕೂಡಲೇ ಹೆಡ್ಡಿಗೆ ಎರಡು ಹನಿ ನೀರು ಬಿಡಿ. ಚುಂಯ್ ಅಂದರೆ ಹಣ ಕಿಸೆಯಲ್ಲೇ ಇರಲಿ.

ಓಡುವಾಗಲೇ ಕಿಲ್ ಸ್ವಿಚ್ಚಿನ, ಅಂದರೆ ಓಡಿಸುವವನ ಮೈಗೆ ದಾರದಿಂದ ಕಟ್ಟಿಕೊಳ್ಳುವ ಎಂಜಿನ್ ನಿಲ್ಲಿಸುವ ಸ್ವಿಚ್ಚಿನ, ಕ್ಲಿಪ್ ಎಳೆಯಿರಿ, ತಕ್ಷಣ ನಿಲ್ಲಬೇಕು. ನನಗೆ ಕೊಟ್ಟದ್ದರಲ್ಲಿ ಆ ವೈರನ್ನೇ ಕತ್ತರಿಸಿ ಬಿಟ್ಟಿದ್ದರು. ಓಡಿಸುವವನು ನೀರಿಗೆ ಬಿದ್ದರೆ ದೋಣಿ ತಿರುಗಿ ಅವನ ಮೇಲೆಯೇ ಬರಬಹುದು. ಅದನ್ನು ಕೇಳಿದ್ದಕ್ಕೆ ಬಂದ ಉತ್ತರ: "ಅದನ್ನೆಲ್ಲ ಇಲ್ಲಿ ಯಾರು ಕಟ್ಟಿಕೊಳ್ತಾರೆ?"